ನಾಲ್ಕನೇ ನುಡಿ ಮುಗಿದ ಮೇಲೆ

“ನೀವು ಅವತ್ತ ಅಲ್ಲಿ ಇರಲೇ ಇಲ್ಲರಿ, ಅಕ್ಕಾರ. ನಿಮ್ಮ ಜಂಪರ ಇತ್ತು.”

ಅಂಗಡಿ ಖಾಲಿ ಮಾಡುವ ದಿನ ಟೇಲರ್ ಕಾಕು ಹೀಗೆ ಹೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಕಸಿವಿಸಿಯಾಯಿತು. ಆ ಮಧ್ಯಾಹ್ನವನ್ನು ನಾನು ಹತ್ತು ವರ್ಷಗಳಿಂದ ಕಂಡಕಂಡವರಿಗೆಲ್ಲ ವರ್ಣಿಸಿದ್ದೆ. ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯ ಅಂಗಡಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೇಪ್ ರೆಕಾರ್ಡರು, ಚಿಂದಿ ಸುತ್ತಿದ ಮೈಕು, ನೆಲದ ಮೇಲೆ ಕಾಲು ಚಾಚಿ ಕೂತು ಹಾಡುತ್ತಿದ್ದ ಮಸೂತಿ ಊರಿನ ನೀಲವ್ವ, ಹೊಲಿಗೆ ಮಶೀನಿನ ಮುಂದೆ ಕಾಕು, ಬಾಗಿಲ ಪಕ್ಕ ಸ್ಟೂಲಿನ ಮೇಲೆ ನಾನು. ಸ್ಟೂಲಿನ ಒಂದು ಕಾಲು ಗಿಡ್ಡವಾಗಿತ್ತು ಎಂಬುದೂ ನೆನಪಿದೆ. ಕಾಕು ಹೇಳುವ ಪ್ರಕಾರ ಆ ಅಂಗಡಿಯಲ್ಲಿ ಸ್ಟೂಲೇ ಇರಲಿಲ್ಲ.

ಹಾಗಾದರೆ ನನ್ನ ತಲೆಯಲ್ಲಿರುವುದು ಏನು? ಬಹುಶಃ ಕ್ಯಾಸೆಟ್ಟು. ಅದನ್ನು ಅಷ್ಟು ಸಲ ಕೇಳಿ, ಕೇಳಿದ್ದಕ್ಕೆಲ್ಲ ಒಂದೊಂದು ಚಿತ್ರ ಅಂಟಿಸಿ, ಕೊನೆಗೆ ಆ ಚಿತ್ರದೊಳಗೆ ನನಗೂ ಒಂದು ಸ್ಟೂಲು ಹಾಕಿಕೊಂಡಿರಬೇಕು. ಆದ್ದರಿಂದ ನಾನು ಕಾಕುವಿನ ಬಗ್ಗೆ ಬರೆಯುವುದನ್ನು ಓದುವವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ನನಗೆ ತಿಳಿದಿರುವಲ್ಲಿ ಹೇಳುತ್ತ ಹೋಗುತ್ತೇನೆ.

ಖಚಿತವಾಗಿ ಕಂಡದ್ದು ಇಷ್ಟು. ತೊಂಬತ್ತರ ದಶಕದ ನಡುವೆ ನಾನು ಹೈಸ್ಕೂಲಿನ ಕನ್ನಡ ಟೀಚರಾಗಿ ಇಂಡಿಗೆ ಬಂದು ಅದೇ ಓಣಿಯಲ್ಲಿ ಕೋಣೆ ಹಿಡಿದೆ. ಎರಡು ಮನೆ ಆಚೆ ಒಂದು ತಗಡಿನ ಬೋರ್ಡು. ಎಡಗಡೆ ‘ಲೇಡೀಜ್ ಟೇಲರ್’, ಬಲಗಡೆ ‘ಕ್ಯಾಸೆಟ್ ತುಂಬಿಕೊಡಲಾಗುವುದು’. ಎರಡೂ ಕೆಲಸಕ್ಕೆ ಒಬ್ಬರೇ ಹೆಂಗಸು. ಎತ್ತರದ, ಒಣಕಲು ದೇಹ. ಕೊರಳಲ್ಲಿ ಅಳತೆಯ ಟೇಪು. ಬಜಾರಕ್ಕೆ ಹೋದಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ತುಟಿಗಳ ನಡುವೆ ಸದಾ ಮೂರು ನಾಲ್ಕು ಗುಂಡುಸೂಜಿ. ಹೀಗಾಗಿ ಅವರ ಮಾತೆಲ್ಲ ಬಾಯಿಯ ಒಂದು ಮೂಲೆಯಿಂದ ಹೊರಬರುತ್ತಿತ್ತು. ಸೂಜಿ ತೆಗೆದು ಮಾತಾಡಿದರೆ ವಿಷಯ ಗಂಭೀರ ಎಂದು ಓಣಿಯವರಿಗೆಲ್ಲ ಗೊತ್ತಿತ್ತು. ಮೊದಲ ದಿನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಟೇಪು ಮುಟ್ಟದೆಯೇ, ನಿಮ್ಮ ಬಲಗಡೆಯ ಭುಜ ಇಳಿದಿದೆ, ಬೋರ್ಡಿನ ಮೇಲೆ ಬಹಳ ಬರೆಯುತ್ತೀರಿ ಅಂದರು. ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ. ಇಳಿದಿತ್ತು.

ಊರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಿಜವಾದ ಹೆಸರು ಬರೆಯಲೇ ಎಂದು ಕೇಳಿದ್ದಕ್ಕೆ ಬೇಡ ಅಂದರು. ಎರಡು ಸಾವಿರ ಹಾಡಿನವರು ಒಟ್ಟಿಗೆ ಹುಡುಕಿಕೊಂಡು ಬಂದರೆ ಕೂರಿಸಲು ಜಾಗ ಎಲ್ಲಿದೆ ಎಂದು ಅವರ ಚಿಂತೆ.

ಹಾಡಿನ ಧಂದೆ ಶುರುವಾದದ್ದು ಕಾಕಾನಿಂದ. ಕಾಕಾ ಎಂದರೆ ಕಾಕುವಿನ ಗಂಡ, ಟೆಂಪೋ ಚಾಲಕ. ಇಂಡಿಯಿಂದ ನಿಂಬೆಹಣ್ಣಿನ ಚೀಲ ಹೇರಿಕೊಂಡು ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ತಿರುಗುತ್ತಿದ್ದರು. ದಾರಿಗೆ ಹಾಡು ಬೇಕೆಂದು ಸೊಲ್ಲಾಪುರದಿಂದ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರು ತಂದರು. ಅವರು ಟೆಂಪೋ ಓಡಿಸಿದರು, ಕಾಕು ಹಾಡು ತುಂಬಿದರು. ನೋಡಿದವರು ನಮಗೂ ಒಂದು ತುಂಬಿಕೊಡಿ ಅಂದರು. ಜಂಪರಿನ ತೋಳಿಗೆ ಹೊಲಿಗೆ ಬೀಳುವಷ್ಟರಲ್ಲಿ ಸಿನಿಮಾ ಹಾಡುಗಳ ಒಂದು ಬದಿ ತುಂಬಿರುತ್ತಿತ್ತು.

ಕಾನೂನು ಗೊತ್ತಿರಲಿಲ್ಲ ಎಂದು ಕಾಕು ಎಂದೂ ಹೇಳಿದವರಲ್ಲ. ಕಂಪನಿ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಕಲು ಮಾಡುವುದು ಅಪರಾಧ ಎಂದು ಸಣ್ಣಗೆ ಅಚ್ಚಾಗಿರುತ್ತಿತ್ತು. ಹೊಸದಾಗಿ ಬಂದ ಉತ್ಸಾಹದಲ್ಲಿ ನಾನದನ್ನು ಓದಿ ಹೇಳಿದೆ. ಕಾಕು ತುಟಿಯ ಮೂಲೆಯಿಂದಲೇ ಅಂದರು: “ಓದೇನ್ರಿ. ಅಕ್ಷರ ಇಷ್ಟ ಸಣ್ಣ ಹಾಕ್ಯಾರಂದ್ರ ಹೇಳಾಕ ಅವರಿಗೂ ನಾಚಿಕಿ ಬಂದಿರಬೇಕು.”

ಒಮ್ಮೆ ಕಂಪನಿಯ ಕಡೆಯವನೊಬ್ಬ ಗಿರಾಕಿಯ ವೇಷದಲ್ಲಿ ಬಂದನಂತೆ. ಇದು ನಾನು ಕಂಡದ್ದಲ್ಲ, ಇಬ್ಬರಿಂದ ಎರಡು ಥರ ಕೇಳಿದ್ದು. ಹೊಸ ಸಿನಿಮಾದ ಹಾಡು ತುಂಬಿಸಿಕೊಂಡು, ರಸೀದಿ ಕೊಡಿ ಅಂದ. ಇಂಡಿಯಲ್ಲಿ ಹಾಡು ತುಂಬಿಸಿ ರಸೀದಿ ಕೇಳಿದವರು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಕಾಕು ಸಮಾಧಾನದಿಂದ ಬರೆದುಕೊಟ್ಟರು: ಒಂದು ಜಂಪರ, ಕಾಜಾ ಗುಂಡಿ ಸಹಿತ. ಆ ಮನುಷ್ಯ ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ನಕ್ಕು, ಹೊರಟುಹೋದ ಎಂಬುದು ಒಂದು ಪಾಠ. ಮರುವಾರ ಹೆಂಡತಿಯ ಜಂಪರ್ ಬಟ್ಟೆ ತಂದ ಎಂಬುದು ಇನ್ನೊಂದು. ಎರಡನೆಯದನ್ನು ಹೇಳುವವರು ಕಾಕಾ, ಅವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆದರೆ ಕಾಕುವಿಗೆ ಒಂದು ಕಟ್ಟಳೆ ಇತ್ತು. ಅದರಲ್ಲಿ ಅವರು ಅಲುಗಾಡುತ್ತಿರಲಿಲ್ಲ. ಅಂಗಡಿಗೆ ಡೊಳ್ಳಿನ ಹಾಡಿನವರು, ಭಜನೆಯವರು, ಮದುವೆಯಲ್ಲಿ ಬೀಗರ ಪದ ಹಾಡುವ ಹೆಂಗಸರು ಬರುತ್ತಿದ್ದರು. ಅಂಥ ಹಾಡುಗಳ ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರ ಹೆಸರು, ಕಟ್ಟಿದವರ ಹೆಸರು ಬರುವುದು ನಮ್ಮ ಕಡೆಯ ರೂಢಿ. ಬೇರೆ ಅಂಗಡಿಗಳಲ್ಲಿ ಕ್ಯಾಸೆಟ್ಟಿನ ಬದಿ ಮುಗಿಯುತ್ತ ಬಂದರೆ ಮೊದಲು ಹಾರಿಹೋಗುತ್ತಿದ್ದದ್ದು ಆ ನುಡಿಯೇ. ಕಾಕು ಮಾತ್ರ ಕೊನೆಯ ನುಡಿ ಹಿಡಿಯದಿದ್ದರೆ ಇಡೀ ಹಾಡನ್ನೇ ಬಿಡುತ್ತಿದ್ದರು. ಕ್ಯಾಸೆಟ್ಟಿನ ಕೊನೆಗೆ ನಾಲ್ಕು ನಿಮಿಷ ಬರೀ ಸುಂಯ್ ಅನ್ನುತ್ತದೆ ಎಂದು ಗಿರಾಕಿಗಳು ತಕರಾರು ತೆಗೆದರೆ, ಅದು ಫುಕಟ್ ಕೊಟ್ಟದ್ದು ಅನ್ನುತ್ತಿದ್ದರು.

ನಾನು ಒಮ್ಮೆ ಕೆಣಕಿದೆ. ಸಿನಿಮಾ ಹಾಡನ್ನು ಯಾರ ಒಪ್ಪಿಗೆಯೂ ಕೇಳದೆ ತುಂಬಿಕೊಡುವ ನಿಮಗೆ ಇದೇನು ಮಡಿ? ಕಾಕು ಅಳತಿ ಜಂಪರೊಂದನ್ನು ಎತ್ತಿ ತೋರಿಸಿದರು. ಹೊಸದನ್ನು ಹೊಲಿಸುವಾಗ ಹೆಂಗಸರು ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಅಳತೆಗೆಂದು ತಂದು ಕೊಡುತ್ತಾರಲ್ಲ, ಅದು.

“ಇದು ಬಿಜಾಪುರದ ಟೇಲರ್ ಹೊಲದದ್ದು. ಇದನ್ನ ನೋಡಿ ನಾ ಇನ್ನೊಂದು ಹೊಲೀತೇನಿ. ಆತು, ಅದೂ ಒಂದ ನಮೂನಿ ಕಳವ ಅನ್ರಿ, ಒಪ್ತೇನಿ. ಆದ್ರ ಇದರ ಕೊರಳಪಟ್ಟಿ ಒಳಗಿನ ಅವನ ಚೀಟಿ ಬಿಚ್ಚಿ ನನ್ನ ಚೀಟಿ ಹಚ್ಚಿದ್ನೆಂದ್ರ, ಆವಾಗ ನಾ ಮನಶ್ಯಾಳಲ್ಲ.”

ಈ ತರ್ಕದಲ್ಲಿ ತೂತಿದೆ. ಕಾಕುವಿಗೂ ಗೊತ್ತಿತ್ತು. ಆ ತೂತು ಅವರನ್ನು ಕಾಡುತ್ತಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈಗ ನಾನಿಲ್ಲದ ಆ ಮಧ್ಯಾಹ್ನ. ನೀಲವ್ವ ಮಸೂತಿಯವಳು, ಹೊಲದ ಕೂಲಿಗೆ ಹೋಗುವವಳು. ಜೀವಮಾನದಲ್ಲಿ ಅವಳು ಕಟ್ಟಿದ್ದು ಒಂದೇ ಹಾಡು, ಮುದ್ದೇಬಿಹಾಳಕ್ಕೆಂದು ಹೊರಟ ಬೀಗತಿ ತಪ್ಪು ಬಸ್ ಹತ್ತಿದ ಬೀಗರ ಪದ.

ಮುದ್ದೇಬಿಹಾಳಂತ ಮೋಟಾರ ಹತ್ಯಾಳ
ಬಾಗೇವಾಡ್ಯಾಗ ಇಳದು ಬಾಯಿ ಬಿಟ್ಟಾಳ
ನಮ್ಮ ಬೀಗತಿ, ದೊಡ್ಡ ಶಾಣ್ಯಾಕಿ

ಒಟ್ಟು ಆರು ನುಡಿ. ಜೊತೆಗೆ ತಾಳ ಹಾಕುವವಳು ಬರಲಿಲ್ಲ, ತಾಳವಿಲ್ಲದೆ ನೀಲವ್ವನ ಹಾಡು ಏಳಲಿಲ್ಲ. ಮರುದಿನಕ್ಕೆ ಕೊಡಬೇಕಾದ ನನ್ನ ಜಂಪರು ಮಶೀನಿನ ಮೇಲಿತ್ತು. ನಾ ತುಳೀತೇನಿ, ನೀ ಹಾಡು ಅಂದರಂತೆ ಕಾಕು. ಹೊಲಿಗೆ ಮಶೀನಿನ ಟಕಟಕಕ್ಕೆ ಹಾಡು ಕುದುರಿಕೊಂಡಿತು. ನಾಲ್ಕನೇ ನುಡಿ ಮುಗಿಯುವ ಹೊತ್ತಿಗೆ ಮಶೀನು ನಿಂತಿತು. ಕ್ಯಾಸೆಟ್ಟಿನಲ್ಲಿ ಅಲ್ಲೊಂದು ಮೌನ. ಆಮೇಲೆ ತುಟಿಯಲ್ಲಿ ಸೂಜಿ ಕಚ್ಚಿಕೊಂಡ ಕಾಕುವಿನ ದನಿ, ತನ್ನಷ್ಟಕ್ಕೇ: “ದಾರ ಹರೀತು.” ನೀಲವ್ವನ ಕಿಸಕ್ಕೆಂಬ ನಗು. ಮತ್ತೆ ಮಶೀನು, ಐದನೇ ನುಡಿ, ಕೊನೆಗೆ ಆರನೆಯದು:

ಊರು ಕೇಳಿದರ ಮಸೂತಿ ಅನ್ನರಿ
ಹೆಸರು ಕೇಳಿದರ ನೀಲವ್ವ ಅನ್ನರಿ
ಬೀಗತಿ ಸಿಟ್ಟಾದರ ನನಗ ಬೈಯರಿ

ಇನ್ನೊಂದು ಸಲ ತುಂಬಲು ಇಬ್ಬರಿಗೂ ಪುರುಸೊತ್ತಿರಲಿಲ್ಲ. ನೀಲವ್ವನ ಬಸ್ಸಿಗೆ ಹೊತ್ತಾಗಿತ್ತು. ಕ್ಯಾಸೆಟ್ಟು ಕಾಕಾನ ಟೆಂಪೋ ಹತ್ತಿತು. ಸಂತೆಗಳಲ್ಲಿ ಕೇಳಿದವರು ನಮಗೂ ಬೇಕು ಅಂದರು. ಎರಡು ಮದುವೆ ಸುಗ್ಗಿ ಕಳೆಯುವಷ್ಟರಲ್ಲಿ ಹಂದರದ ಕೆಳಗೆ ಹೆಂಗಸರು ಈ ಪದ ಹಾಡುವಾಗ ನಾಲ್ಕನೇ ನುಡಿಯ ನಂತರ ಗಪ್ಪನೆ ನಿಂತು, ಎಲ್ಲರೂ ಒಟ್ಟಿಗೆ ‘ದಾರ ಹರೀತು’ ಅಂದು, ನಕ್ಕು, ಮುಂದಕ್ಕೆ ಹೋಗತೊಡಗಿದರು. ಅವರ ಪಾಲಿಗೆ ಅದು ಹಾಡಿನ ಭಾಗ. ಒಂದು ಗುಟ್ಟು ಹೇಳಿಬಿಡುತ್ತೇನೆ: ಅದು ಎಲ್ಲಿಂದ ಬಂತೆಂದು ತಿಳಿಯುವ ಮೊದಲು ನಾನೂ ಹತ್ತನೇ ಕ್ಲಾಸಿನಲ್ಲಿ ಆ ಸಾಲಿನ ಸೊಬಗನ್ನು ಕುರಿತು ಐದು ನಿಮಿಷ ಮಾತಾಡಿದ್ದೆ.

ಕಾಲ ತಿರುಗಿ ಕ್ಯಾಸೆಟ್ಟು ಹೋಯಿತು, ಸಿ.ಡಿ. ಬಂತು. ಕಾಕು ಒಂದು ಹಳೆಯ ಕಂಪ್ಯೂಟರು ಕೊಂಡು ಮೊಬೈಲಿಗೆ ಹಾಡು ತುಂಬಲು ಕಲಿತರು. ಕಾಪಿ ಆಗುತ್ತಿರುವಾಗ ಮೇಜಿನ ಕೆಳಗೆ ಅವರ ಕಾಲು ತಾನಾಗಿ ತುಳಿಯುತ್ತಿತ್ತು. ಅದಿಲ್ಲದಿದ್ದರೆ ಕಾಪಿ ಮುಂದಕ್ಕೆ ಹೋಗುವುದಿಲ್ಲವೆಂದು ಅವರಿಗೆ ಎಲ್ಲೋ ನಂಬಿಕೆ ಇದ್ದಿರಬೇಕು. ನೀಲವ್ವನ ಹಾಡನ್ನು ಕಂಪ್ಯೂಟರಿಗೆ ಏರಿಸಿದ್ದು ಸಕಾಲಕ್ಕೇ ಆಯಿತು, ಏಕೆಂದರೆ ಮುಂದಿನ ಬೇಸಿಗೆಯಲ್ಲಿ ಮೂಲ ಕ್ಯಾಸೆಟ್ಟು ಕಾಕಾನ ಟೆಂಪೋದಲ್ಲಿ ಸಿಕ್ಕಿಕೊಂಡು ತುಂಡುತುಂಡಾಯಿತು.

ಒಂದು ದಿನ ಒಬ್ಬ ಗಿರಾಕಿಯ ಮೊಬೈಲಿನಲ್ಲಿ ಅದೇ ಹಾಡು ಮೊಳಗಿತು. ನೆಟ್ಟಿನಿಂದ ಇಳಿಸಿಕೊಂಡದ್ದಂತೆ. ಕಾಕು ಕತ್ತರಿ ಹಿಡಿದು ನಗುತ್ತ ಕೇಳುತ್ತಿದ್ದರು. ಐದನೇ ನುಡಿ ಮುಗಿದು ಹಾಡು ಧಡಕ್ಕನೆ ನಿಂತಿತು. ಕಾಕು ತುಟಿಯಿಂದ ಸೂಜಿ ತೆಗೆದರು. ಪರದೆಯ ಮೇಲೆ ಸಿಂದಗಿಯ ಒಬ್ಬ ಸೈಬರ್ ಅಂಗಡಿಯವನ ಹೆಸರಿತ್ತು: ರಚನೆ ಅವನದು, ಹಾಡಿಸಿದವನೂ ಅವನೇ. ಅದರ ಸಿ.ಡಿ. ಕೂಡ ಮಾಡಿ ಹಂಚುತ್ತಿದ್ದ.

ಅವತ್ತೇ ನನ್ನಿಂದ ಅವನಿಗೆ ಒಂದು ಕಾಗದ ಬರೆಸಿದರು. ಬೈಗುಳ ಒಂದೂ ಇರಲಿಲ್ಲ. ಹಾಡು ಹಂಚು, ಬೇಡ ಅನ್ನುವುದಿಲ್ಲ, ಆರನೇ ನುಡಿ ತಿರುಗಿ ಹಚ್ಚು, ಅಷ್ಟೇ. ಅವನು ಹೆದರಿದನೋ ಏನೋ, ತಾನೇ ಮೊದಲು ಇಂಡಿ ಠಾಣೆಗೆ ದೂರು ಕೊಟ್ಟ: ನನ್ನ ಹಾಡನ್ನು ಈ ಹೆಂಗಸು ಕಾಯ್ದೆ ಮೀರಿ ತುಂಬಿಕೊಡುತ್ತಿದ್ದಾಳೆ. ಪೊಲೀಸರು ಕಂಪ್ಯೂಟರು ಎತ್ತಿಕೊಂಡು ಹೋದರು.

ಆ ಕಂಪ್ಯೂಟರಿನಲ್ಲಿ ಸಿನಿಮಾ ಹಾಡುಗಳ ಗುಡ್ಡೆಯೇ ಇತ್ತು. ಇದು ಸಿಂದಗಿಯವನಿಗೂ ಗೊತ್ತಿತ್ತು. ಮರುದಿನ ಕಾಕಾನ ಕೈಲಿ ಹೇಳಿಕಳಿಸಿದ: ಆ ಒಂದು ಹಾಡಿನ ಗೊಡವೆ ಬಿಟ್ಟುಬಿಡಲಿ, ದೂರು ಹಿಂದಕ್ಕೆ ತಗೊಳ್ತೇನೆ, ಠಾಣೆಯವರು ಉಳಿದದ್ದು ನೋಡುವ ಪ್ರಸಂಗವೇ ಬರುವುದಿಲ್ಲ. ನೀಲವ್ವನನ್ನು ಕೇಳೋಣವೆಂದರೆ ಅವಳು ಕಬ್ಬು ಕಡಿಯಲು ಗಂಡನ ಜೊತೆ ಮಹಾರಾಷ್ಟ್ರದ ಕಡೆ ಹೋಗಿದ್ದಳು. ಕಾಕಾ ಒಪ್ಪಿಕೊಂಡುಬಿಡೋಣ ಅಂದರು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಅಲ್ಲೇ ಹೊಸ್ತಿಲಲ್ಲಿ ನಿಂತಿದ್ದೆ.

“ಒಂದ ಹಾಡಲ್ಲ? ಬಿಡು ಅದನ್ನ,” ಅಂದರು ಕಾಕಾ.

“ಒಂದ ಐತಿ ಆಕೀ ಹಂತ್ಯಾಕ,” ಅಂದರು ಕಾಕು. “ನನ್ನ ಹಂತ್ಯಾಕ ಎರಡು ಸಾವಿರ ಅವ. ಒಂದೂ ನನ್ನವಲ್ಲ.”

ಠಾಣೆಯಲ್ಲಿ ನಾನು ಖಂಡಿತ ಇದ್ದೆ. ಕಾಕುವಿನ ಹೇಳಿಕೆಯ ಕಾಗದ ನನ್ನ ಕೈಬರಹದಲ್ಲಿದೆ. ಫೌಜದಾರ ಸಾಹೇಬರು ಸಮಾಧಾನದ ಮನುಷ್ಯ. ಎರಡೂ ಫೈಲು ಹಾಕಿಸಿ ಕೇಳಿದರು. ಒಂದರಲ್ಲಿ ಐದು ನುಡಿ, ಇನ್ನೊಂದರಲ್ಲಿ ಆರು. ಆರನೆಯದನ್ನು ಇವರೇ ಆಮೇಲೆ ಯಾರಿಂದಲೋ ಹಾಡಿಸಿ ಸೇರಿಸಿದ್ದಾರೆ ಅಂದ ಸಿಂದಗಿಯವನು. ಮೂಲ ಕ್ಯಾಸೆಟ್ಟು ಎಲ್ಲಿ ಎಂದರೆ ನಮ್ಮ ಹತ್ತಿರ ಇಲ್ಲ. ಹಾಡಿದವಳು ಎಲ್ಲಿ ಎಂದರೆ ಕಬ್ಬಿನ ಗದ್ದೆಯಲ್ಲಿ. ಫೌಜದಾರರು ಪೆನ್ನು ಎತ್ತಿಕೊಂಡರು.

ಕಾಕು ತುಟಿಯಿಂದ ನಾಲ್ಕು ಗುಂಡುಸೂಜಿ ತೆಗೆದು ಅವರ ಮೇಜಿನ ಮೇಲೆ ಸಾಲಾಗಿ ಇಟ್ಟರು.

“ಎಲ್ಲಾ ನೀನ ಬರದಿ, ಹೌದಿಲ್ಲೋ ತಮ್ಮಾ?”

“ಹೌದ್ರಿ ಕಾಕು. ಒಂದೊಂದ ಅಕ್ಷರ ನಂದ.”

“ಹಂಗಾರ ನಾಕನೇ ನುಡಿ ಆದಮ್ಯಾಲ ದಾರ ಹರೀತು ಅಂತ ಬರತೈತಲ್ಲ, ಅದೇನು?”

ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಬೀಗರ ನಡುವಿನ ನೆಂಟಸ್ತಿಕೆ ಎಷ್ಟು ನಾಜೂಕು ಎಂದು ತೋರಿಸಲು ಬಹಳ ವಿಚಾರ ಮಾಡಿ ಹಾಕಿದ್ದೇನೆ, ಇಡೀ ಹಾಡಿನ ಜೀವ ಅದೇ ಸಾಲಿನಲ್ಲಿದೆ ಅಂದ. ನಾನು ಹತ್ತನೇ ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ನಾನು ತಲೆ ತಗ್ಗಿಸಿದೆ.

ಕಾಕು ಸೂಜಿಗಳನ್ನು ಒಂದೊಂದಾಗಿ ಎತ್ತಿ ಮತ್ತೆ ತುಟಿಗಳ ನಡುವೆ ಕಚ್ಚಿಕೊಂಡರು. ಆಮೇಲೆ ಯಾರನ್ನೂ ನೋಡದೆ, ಬಾಯಿಯ ಮೂಲೆಯಿಂದ, ತನ್ನಷ್ಟಕ್ಕೇ ಅಂದರು: “ದಾರ ಹರೀತು.”

ಫೌಜದಾರರು ಪೆನ್ನು ಕೆಳಗಿಟ್ಟರು. ಸಿಂದಗಿಯವನ ಫೈಲನ್ನೇ ಇನ್ನೊಮ್ಮೆ ಹಾಕಿಸಿದರು. ನಾಲ್ಕನೇ ನುಡಿ, ಮೌನ, ಅದೇ ದನಿ. ಕಾಕುವಿನಿಂದ ಮತ್ತೊಮ್ಮೆ ಹೇಳಿಸಿದರು. ಇನ್ನೊಮ್ಮೆ ಹಾಕಿಸಿದರು. ಬಾಗಿಲಲ್ಲಿ ನಿಂತಿದ್ದ ಪೇದೆ ಗೋಡೆಯ ಕಡೆ ತಿರುಗಿಕೊಂಡ, ಭುಜ ಕುಣಿಯುತ್ತಿತ್ತು. ಟಕಟಕ ಸದ್ದು ಯಾವ ವಾದ್ಯ ಎಂದು ಫೌಜದಾರರು ಸಿಂದಗಿಯವನನ್ನು ಕೇಳಿದಾಗ ಅವನೂ ನಕ್ಕುಬಿಟ್ಟ. ಪಾಪ, ಹೆಸರು ಬರುವ ನುಡಿಯನ್ನು ಹುಡುಕಿ ಕತ್ತರಿಸಿದ್ದ. ಮದುವೆ ಹಂದರಗಳಲ್ಲೆಲ್ಲ ಹಾಡಿನ ಜೊತೆಗೇ ಕೇಳುತ್ತ ಬಂದ ಆ ಎರಡು ಶಬ್ದ ಹಾಡಲ್ಲವೆಂದು ಅವನಿಗೆ ಹೊಳೆದೇ ಇರಲಿಲ್ಲ.

ದೂರು ಹಿಂದಕ್ಕೆ ಹೋಯಿತು. ಕಂಪ್ಯೂಟರು ತಗೊಂಡು ಹೋಗಿ ಅಂದರು ಫೌಜದಾರರು. ಕಾಕು ಏಳಲಿಲ್ಲ. ಇದರಲ್ಲಿ ಸಿನಿಮಾ ಹಾಡುಗಳಿವೆ, ಅವುಗಳ ತಪ್ಪು ಮಾತ್ರ ನನ್ನದೇ, ಅದನ್ನೂ ಬರೆದುಕೊಳ್ಳಿ ಅಂದರು. ನನಗಂತೂ ಕಾಕುವಿನ ಬಾಯಿ ಮುಚ್ಚಬೇಕೆನಿಸಿತು. ಫೌಜದಾರರು ಕಂಪ್ಯೂಟರನ್ನು ಕಾಕುವಿನ ಕಡೆ ತಿರುಗಿಸಿದರು. ಇಲ್ಲೇ ನನ್ನ ಮುಂದೆ ಅಳಿಸಿ, ಇನ್ನೊಮ್ಮೆ ದೂರು ಬಂದರೆ ಬಿಡುವುದಿಲ್ಲ ಅಂದರು.

ಎಲ್ಲವನ್ನೂ ಒಂದೇ ಏಟಿಗೆ ಅಳಿಸಬಹುದಿತ್ತು. ಕಾಕುವಿಗೆ ಆ ವಿದ್ಯೆ ಬರುತ್ತಿರಲಿಲ್ಲ, ಅಥವಾ ಬಂದರೂ ಬೇಡವಾಗಿತ್ತು. ಒಂದೊಂದನ್ನೂ ತೆರೆದು, ಎರಡು ಸಾಲು ಕೇಳಿ, ಅಳಿಸಿದರು. ಮೇಜಿನ ಕೆಳಗೆ ಕಾಲು ತುಳಿಯುತ್ತಲೇ ಇತ್ತು. ಪೇದೆಗಳು ಸುತ್ತ ಸೇರಿದರು. ಅವರಲ್ಲಿ ಒಬ್ಬ ತನ್ನ ಮದುವೆಗೆ ಇಲ್ಲಿಂದಲೇ ಹಾಡು ತುಂಬಿಸಿದ್ದವನು. ಇದೊಂದು ಇರಲಿ ಕಾಕು, ಇದು ನನ್ನ ಹೆಂಡತಿಗೆ ಬಹಳ ಸೇರುತ್ತದೆ ಎಂದು ಗೋಗರೆದ. “ಸಿ.ಡಿ. ಕೊಂಡು ಕೇಳಸಪಾ, ಇನ್ನೂ ಹೆಚ್ಚ ಸೇರತೈತಿ,” ಅಂದರು ಕಾಕು. ಸಂಜೆ ಕವಿಯುವವರೆಗೆ ಆ ಠಾಣೆಯಲ್ಲಿ ಎರಡೆರಡು ಸಾಲಿನ ಸಂಗೀತ ಕಛೇರಿ ನಡೆಯಿತು. ಹೊರಗೆ ದಾರಿಹೋಕರು ನಿಂತು ಕೇಳಿ ಹೋಗುತ್ತಿದ್ದರು. ಎರಡು ಸಾವಿರ ಹಾಡು ಒಂದೇ ದಿನದಲ್ಲಿ ಮುಗಿದಿರಲಾರದು ಎಂದು ಈಗ ಲೆಕ್ಕ ಹಾಕಿದರೆ ತಿಳಿಯುತ್ತದೆ. ಆದರೆ ನನ್ನ ನೆನಪಿನಲ್ಲಿ ಅದು ಒಂದೇ ಸಂಜೆ. ಬೇಕಿದ್ದವರು ತಿದ್ದಿಕೊಳ್ಳಲಿ.

ಯುಗಾದಿಯ ಹೊತ್ತಿಗೆ ನೀಲವ್ವ ಊರಿಗೆ ಮರಳಿದಳು. ಕಾಕಾನ ಟೆಂಪೋದಲ್ಲಿ, ಖಾಲಿ ನಿಂಬೆ ಚೀಲಗಳ ಮೇಲೆ ಕೂತು, ಕಾಕು ಮತ್ತು ನಾನು ಮಸೂತಿಗೆ ಹೋದೆವು. ನಿನ್ನ ಹಾಡನ್ನು ಆರೂ ನುಡಿ ಸಹಿತ ನೆಟ್ಟಿಗೆ ಬಿಡಲೇ ಎಂದು ಕೇಳುವುದಕ್ಕೆ. ನೀಲವ್ವನಿಗೆ ನೆಟ್ಟು ಎಂದರೆ ಏನೆಂದು ಹೇಳಲು ನಾನು ಹೆಣಗಿದೆ. ಅವಳು ಕೇಳಿದ್ದು ಒಂದೇ ಮಾತು.

“ಬಿಟ್ಟಮ್ಯಾಲ ತಿರುಗಿ ಬರತೈತೇನ?”

“ಇಲ್ಲವಾ. ಬರೂದಿಲ್ಲ,” ಅಂದರು ಕಾಕು.

“ಹಂಗಾರ ಬುತ್ತಿ ಕಟ್ಟಿದಂಗ ನನ್ನ ಹೆಸರು ಕಟ್ಟಿ ಕಳಸು. ಎಲ್ಲಿಗರೇ ಹೋಗಲಿ.”

‘ದಾರ ಹರೀತು’ ಅನ್ನುವುದನ್ನು ತೆಗೆಸಿಬಿಡೋಣ, ಅದು ನನ್ನ ತಪ್ಪು, ನಿನ್ನ ಹಾಡಿನಲ್ಲಿ ನನ್ನ ತಪ್ಪು ಯಾಕೆ ಅಂದರು ಕಾಕು. ನೀಲವ್ವ ಒಪ್ಪಲಿಲ್ಲ. ಅಲ್ಲಿ ನಾನು ಉಸಿರು ತಗೊಳ್ಳುತ್ತೇನೆ, ತೆಗೆದರೆ ಐದನೇ ನುಡಿ ಏಳುವುದಿಲ್ಲ ಅಂದಳು. ವಾರದೊಳಗೆ ಹಾಡು ನೆಟ್ಟಿಗೆ ಹೋಯಿತು. ‘ಮಸೂತಿ ನೀಲವ್ವನ ಬೀಗರ ಪದ’ ಎಂದು ಟೈಪು ಮಾಡಿದವಳು ನಾನು. ಹಾಡಿದವರ ಒಪ್ಪಿಗೆ ಇದೆ, ಯಾರು ಬೇಕಾದರೂ ಇಳಿಸಿಕೊಳ್ಳಿ, ಹಂಚಿ, ಕೊನೆಯ ನುಡಿ ಬಿಡಬೇಡಿ ಎಂದು ಕೆಳಗೆ ಕಾಕು ಬರೆಸಿದರು. ದೊಡ್ಡ ಅಕ್ಷರದಲ್ಲಿ.

ಸಿನಿಮಾ ಹಾಡು ಬಿಟ್ಟ ಮೇಲೆ ಗಿರಾಕಿ ಕಡಿಮೆಯಾದರು. ಕಾಕು ಹೊಲಿಗೆಯ ಜೊತೆಗೆ ಸುತ್ತಲಿನ ಹಾಡುಗಾರರನ್ನಷ್ಟೇ, ಕೇಳಿ ಒಪ್ಪಿಸಿ, ತುಂಬಿಕೊಂಡು ಕೆಲವು ವರ್ಷ ನಡೆಸಿದರು. ಮುಳವಾಡದಿಂದ, ಸಿಂದಗಿಯಿಂದ ಹಾಡುವವರೇ ಹುಡುಕಿಕೊಂಡು ಬರುತ್ತಿದ್ದರು. ಅಂಥವರನ್ನು ಮೊದಮೊದಲು ಕರೆತಂದವನು ಆ ಸೈಬರ್ ಅಂಗಡಿಯವನೇ ಎಂದರೆ ನಂಬಬೇಕು. ಕಣ್ಣು ಮಂಜಾಗತೊಡಗಿದ ಮೇಲೆ ಅಂಗಡಿ ಖಾಲಿ ಮಾಡಿ, ಮಶೀನನ್ನು ಮನೆಯ ಪಡಸಾಲೆಗೆ ಸಾಗಿಸಿದರು. ನಾನು ಅಲ್ಲಿ ಇರಲಿಲ್ಲ, ಜಂಪರು ಇತ್ತು ಎಂದು ಅವರು ಹೇಳಿದ್ದು ಆ ದಿನವೇ.

ಮನೆಗೆ ಬಂದು ಟ್ರಂಕು ತೆಗೆದೆ. ನೀಲಿ ಜಂಪರು ಇನ್ನೂ ಇತ್ತು. ನನ್ನ ನೆನಪಿಗಿಂತ ಹೊಲಿಗೆಯನ್ನು ನಂಬುವುದು ವಾಸಿ ಎಂದು ಒಳಮೈ ತಿರುವಿ, ದಾರ ಹರಿದು ಮತ್ತೆ ಶುರುವಾದ ಜಾಗ ಹುಡುಕಿದೆ. ಹೊಲಿಗೆಯ ಮೇಲೆ ಹೊಲಿಗೆ ಬಿದ್ದ ಜಾಗ ಸಿಕ್ಕಿತು. ಆದರೆ ಒಂದಲ್ಲ, ಎರಡು. ಕ್ಯಾಸೆಟ್ಟಿನಲ್ಲಿ ದಾರ ಹರಿದದ್ದು ಒಂದೇ ಸಲ. ಮರುದಿನ ಕಾಕುವಿಗೆ ಒಯ್ದು ತೋರಿಸಿದೆ. ಅವರು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಸವರಿ, ಎರಡನೆಯದು ಹಾಡಿನದಲ್ಲ ಅಂದರು. “ಅದು ನೀವು ಮದಿವಿ ಆಗಿ ದಪ್ಪ ಆದಾಗ ಬಿಚ್ಚಿ ದೊಡ್ಡದ ಮಾಡಿದ್ದು.”

ಆಮೇಲೊಂದು ದಿನ ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಕರೆದವರು ಗಂಡಿನ ಕಡೆಯವರ ಕಡೆಯವರು. ಊಟದ ನಂತರ ಹುಡುಗಿಯರು ಬೀಗತಿಯನ್ನು ನಡುವೆ ಕೂರಿಸಿ ಹಾಡು ಶುರುಮಾಡಿದರು. ಮುದ್ದೇಬಿಹಾಳಂತ ಮೋಟಾರ ಹತ್ಯಾಳ. ನಾನು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಅಗಿಯದೆ ಕೂತೆ. ನಾಲ್ಕನೇ ನುಡಿಯಾಯಿತು. ಎಲ್ಲರೂ ನಿಂತರು. “ದಾರ ಹರೀತು,” ಅಂದರು ಒಕ್ಕೊರಲಿನಿಂದ. ವಿಶೇಷವೆಂದರೆ ಎಲ್ಲರೂ ಬಾಯಿಯ ಒಂದು ಮೂಲೆಯಿಂದಲೇ ಅಂದರು. ಪಕ್ಕದ ಹುಡುಗಿಯನ್ನು ಯಾಕೆ ಹೀಗೆ ಅನ್ನುತ್ತೀರಿ ಎಂದು ಕೇಳಿದೆ. ಅವಳು ನನ್ನನ್ನು ಕನಿಕರದಿಂದ ನೋಡಿ, ಹಾಡು ಇರುವುದೇ ಹಾಗೆ ಅಂದಳು.

ಹೊರಗೆ ಬಂದು ಕಾಕುವಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ: ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಹುಡುಗಿಯರು, ನಿಮ್ಮ ದನಿಯಲ್ಲಿ. ಆ ಕಡೆ ಮಶೀನಿನ ಸದ್ದು ನಿಂತಿತು.

“ಕೊನೀ ನುಡಿ?” ಅಂದರು. ಮಾತು ಸ್ಪಷ್ಟವಾಗಿತ್ತು, ಸೂಜಿ ತೆಗೆದಿದ್ದರು.

“ಹಾಡಿದರು ಕಾಕು. ಊರು, ಹೆಸರು, ಎರಡೂ.”

“ಬೈಯರಿ ಅನ್ನೂದು?”

“ಅದನ್ನೂ.”

“ಹಂಗಾರ ಆತು ಬಿಡ್ರಿ,” ಅಂದರು. ಫೋನು ಕೆಳಗಿಟ್ಟರು, ಆದರೆ ಆಫ್ ಮಾಡಲು ಮರೆತರು. ಬಾಗೇವಾಡಿಯ ಆ ಹಂದರದ ಹೊರಗೆ ನಿಂತು ನಾನು ಬಹಳ ಹೊತ್ತು ಮಶೀನಿನ ಟಕಟಕ ಕೇಳಿದೆ. ಒಳಗೆ ಹುಡುಗಿಯರು ಅದೇ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದರು.